ಮೆತ್ತಗೆ ಬಂದ ಚೆಂಡು

ಆಟ ಬಿಟ್ಟು ಎರಡು ವರ್ಷವಾಯಿತು. "ಬಿಟ್ಟೆ" ಅನ್ನುವ ಮಾತು ಬಾಯಿಗೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನಾಗಿ ಬಿಟ್ಟದ್ದಲ್ಲ ಅದು.

ನಾನು ಆಡುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಮಣ್ಣಿನ ಅಂಕಣ, ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆಗೆ ಐದು ಜನ. ದಾವಣಗೆರೆಯಲ್ಲಿ ಕಾಲೇಜಿಗೆ ಹೋಗುವಾಗ ಕಲಿತೆ. ಮದುವೆಯಾಗಿ ಮದ್ರಾಸಿಗೆ ಬಂದು, ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮೈಲಾಪುರದ ನಮ್ಮ ಮನೆಯ ಹಿಂದಿನ ಮೈದಾನದಲ್ಲಿ ಗಂಡಸರು ಬೆಳಗ್ಗೆ ಆಡುವುದನ್ನು ಬೇಲಿಯಾಚೆಯಿಂದ ಒಂದು ವರ್ಷ ನೋಡಿದೆ. ಒಂದು ದಿನ ಅವರಿಗೆ ಒಬ್ಬರು ಕಡಿಮೆ ಬಿದ್ದರು. ಸೀರೆಯ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದವಳು ಮೂವತ್ತು ವರ್ಷ ಹೊರಗೆ ಬರಲಿಲ್ಲ. ಹಿಂದಿನ ಬಲಮೂಲೆ ನನ್ನದು. ನಾನು ಚೆಂಡನ್ನು ಸವರಿ ಹೊಡೆದರೆ ಅದು ನೆಟ್ ದಾಟಿದ ಕೂಡಲೇ ಪಕ್ಕಕ್ಕೆ ತಿರುಗಿ ಸಾಯುತ್ತಿತ್ತು.

ಹೀಗಿರುವಾಗ ಒಮ್ಮೆ ಮೈದಾನದಲ್ಲಿ ಯಾರದೋ ಸಮಾರಂಭ ನಡೆಯಿತು. ಶಾಮಿಯಾನದ ಕಂಬ ಕಿತ್ತ ಗುಂಡಿಗಳಿಗೆ ಸಡಿಲ ಮರಳು ಸುರಿದು ಹೋಗಿದ್ದರು. ಅದನ್ನು ಸರಿಯಾಗಿ ಮುಚ್ಚಿಸಿ ಎಂದು ಮೈದಾನ ನೋಡಿಕೊಳ್ಳುವ ಕಾರ್ಯದರ್ಶಿಗೆ ನಾನು ಬೀಳುವ ಹಿಂದಿನ ದಿನವೇ ಹೇಳಿದ್ದೆ. "ನಾಳೈಕ್ಕು ಪಾತ್ತುಕಲಾಂ ಮೇಡಂ" ಅಂದ. ನಾಳೆ ನೋಡಿಕೊಂಡರಾಯಿತಂತೆ. ಆ ನಾಳೆಯೇ ಹಿಂದಕ್ಕೆ ಓಡುವಾಗ ನನ್ನ ಕಾಲು ಗುಂಡಿಯಲ್ಲಿ ಹೂತುಹೋಗಿ, ಬಲಭುಜದ ಮೇಲೆ ಬಿದ್ದೆ.

ಡಾಕ್ಟರು ಸ್ಕ್ಯಾನ್ ನೋಡಿ ನನ್ನ ಗಂಡನನ್ನು ಕೇಳಿದರು, "ಇವರಿಗೆ ವಯಸ್ಸೆಷ್ಟು ಸಾರ್?"

"ಐವತ್ತೊಂಬತ್ತು. ನಾನೇ ಇಲ್ಲಿ ಕೂತಿದೀನಲ್ಲ, ನನ್ನೇ ಕೇಳಿ" ಅಂದೆ.

ಅವರು ನಕ್ಕು, ಮತ್ತೆ ಗಂಡನಿಗೇ ವಿವರಿಸಿದರು. ಭುಜದ ಸ್ನಾಯು ಹರಿದಿದೆ, ಅರ್ಧ ಬಿದ್ದದ್ದಕ್ಕೆ, ಅರ್ಧ ವಯಸ್ಸಿಗೆ. ಕೈ ಮೇಲೆತ್ತುವ ಆಟ ಇನ್ನು ಬೇಡ. ವಾಕಿಂಗ್ ಸಾಕು.

ವಯಸ್ಸಿನ ಆ ಅರ್ಧ ಸುಳ್ಳಲ್ಲ. ಅದಕ್ಕೆ ಎರಡು ವರ್ಷ ಮೊದಲಿನಿಂದಲೇ ನಾನು ಚೆಂಡಿಗೆ ಒಂದು ಹೆಜ್ಜೆ ತಡವಾಗಿ ತಲುಪುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಅದನ್ನು ಒಂದು ಸ್ಕ್ಯಾನ್ ಫಿಲ್ಮಿನಲ್ಲಿ ನೋಡಿ ಹೇಳಿಬಿಟ್ಟರಲ್ಲ ಅಂತ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಗಳು ಪೆರುಂಗುಡಿಯ ಆಫೀಸಿನಿಂದ ಬಂದು ಪಕ್ಕದಲ್ಲಿ ಕೂತಳು. ನಾನು ಕನ್ನಡದಲ್ಲಿ ಅತ್ತುಕೊಂಡರೂ ಅವಳು ಸಮಾಧಾನ ಮಾಡುವುದು ತಮಿಳಿನಲ್ಲಿ. "ವಿಡುಮ್ಮಾ, ವಯಸಾಯಿಡುಚ್ಚು ಇಲ್ಲ?"

"ವಯಸ್ಸಾಗೇತಿ ಅಂತ ನಂಗೊತ್ತೈತಿ. ಬಿಡು ಅಂತ ಹೇಳೋಕೆ ನೀ ಬರಬೇಕಾಗಿರ್ಲಿಲ್ಲ."

ವ್ಯಾಯಾಮಕ್ಕೆ ಕೊಟ್ಟಿದ್ದ ರಬ್ಬರ್ ಪಟ್ಟಿಯನ್ನು ಎಡಗೈಯಲ್ಲಿ ಬಾಲ್ಕನಿಯಿಂದ ಬೀಸಿ ಎಸೆದೆ. ಅದು ಕೆಳಗಿನ ಮನೆಯವರ ಬಟ್ಟೆಯ ಹಗ್ಗಕ್ಕೆ ಸಿಕ್ಕಿಕೊಂಡಿತು. ಆಕೆ ಅದನ್ನು ಮಡಿಸಿ ತಂದುಕೊಟ್ಟು, "ಬಿದ್ದುಹೋಗಿತ್ತು" ಅಂದರು. ಥ್ಯಾಂಕ್ಸ್ ಹೇಳಬೇಕಾಯಿತು.

ಎಂಟು ತಿಂಗಳು ಆ ಪಟ್ಟಿಯನ್ನೇ ಎಳೆದೆ. ಕೈ ಭುಜದ ಮಟ್ಟಕ್ಕೆ ಬಂತು. ಒಂದು ಬೆಳಗ್ಗೆ ಗಂಡ ಏಳುವ ಮೊದಲು ಬ್ಯಾಟ್ ತೆಗೆದುಕೊಂಡು ಮೈದಾನಕ್ಕೆ ಹೋದೆ.

ಎದುರಿಗೆ ನಿಂತವರು ರೈಲ್ವೆಯಿಂದ ನಿವೃತ್ತರಾದ ಮೈಸೂರಿನ ಕಡೆಯವರು. ಇಪ್ಪತ್ತು ವರ್ಷ ನನ್ನ ಎದುರು ಆಡಿದ್ದ ಮನುಷ್ಯ. ಗೆರೆಯ ಮೇಲೆ ಬಿದ್ದ ಚೆಂಡಿಗಾಗಿ ನನ್ನೊಡನೆ ವಾರಗಟ್ಟಲೆ ಮಾತು ಬಿಟ್ಟವರು. ಒಂದು ಪಾಯಿಂಟನ್ನೂ ನನಗೆ ಪುಕ್ಕಟೆ ಕೊಟ್ಟವರಲ್ಲ. ಆ ದಿನ ಅವರ ಮೊದಲ ಚೆಂಡು ಮೆತ್ತಗೆ, ಎದೆಯೆತ್ತರಕ್ಕೆ, ನನ್ನ ಬ್ಯಾಟಿನ ಮುಂದಕ್ಕೇ ಬಂತು. ಹೊಡೆದೆ. ಎರಡನೆಯದೂ ಹಾಗೆಯೇ. ಉಳಿದವರು ಚಪ್ಪಾಳೆ ತಟ್ಟಿ "ಸೂಪರ್ ಮೇಡಂ!" ಅಂದರು. ಮಗು ಮೊದಲ ಸಲ ಎದ್ದು ನಿಂತಾಗ ಹೀಗೆ ತಟ್ಟುತ್ತಾರೆ.

ನಾನು ನೆಟ್ಟಿನ ಹತ್ತಿರ ಹೋದೆ. "ಯಾಕ್ರೀ ಹಿಂಗ್ ಆಡ್ತೀರಿ?"

"ಇಲ್ಲ ಮೇಡಂ, ನಿಮ್ಮ ಭುಜ... ಮತ್ತೆ ಏನಾದ್ರೂ ಆಗ್ಬಿಟ್ರೆ..."

"ಆದ್ರೆ ನಂಗಾಗ್ತೈತಿ. ನೀವು ಹೊಡೀರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಹೊಡೆದರು, ಮೊದಲಿನಂತೆ, ಬಲಮೂಲೆಗೆ, ಎತ್ತರಕ್ಕೆ. ಕಾಲು ತಲುಪಿತು. ಕೈ ಭುಜದ ಹತ್ತಿರ ನಿಂತುಬಿಟ್ಟಿತು. ಅಲ್ಲಿಂದ ಮೇಲಕ್ಕೆ ಹೋಗುವ ದಾರಿಯೇ ಇರಲಿಲ್ಲ. ಬ್ಯಾಟ್ ಕೈಯಿಂದ ಜಾರಿ ಬಿತ್ತು. ಚೆಂಡು ನನ್ನ ಹಿಂದೆ ಎಲ್ಲೋ ಉರುಳಿತು. ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವರು ಓಡಿಬಂದರು. "ಸಾರಿ ಮೇಡಂ, ಹೊಡೀಬಾರ್ದಿತ್ತು."

"ಸಾರಿ ಕೇಳ್ಬ್ಯಾಡ್ರಿ. ಇವತ್ತು ನೀವು ನೆಟ್ಟಗೆ ಆಡಿದ್ದು ಅದೊಂದೇ ಚೆಂಡು" ಅಂದೆ. ಬ್ಯಾಟ್ ಎತ್ತಿಕೊಂಡು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

ಶಾಲು ಹೊದಿಸುತ್ತೇವೆ, ಅಂಪೈರ್ ಆಗಿ ಬನ್ನಿ ಅಂತ ಮೈದಾನದವರು ಹೇಳಿಕಳಿಸಿದರು. ಬೇಡ ಅಂದೆ. ಮಗಳು ಬ್ಯಾಟುಗಳನ್ನು ನಡುಮನೆಯ ಗೋಡೆಗೆ ತೂಗುಹಾಕೋಣ ಅಂದಳು. ಅದಕ್ಕೂ ಬೇಡ ಅಂದೆ. ಕಾಲಕ್ರಮೇಣ ಒಪ್ಪಿಕೊಳ್ಳುತ್ತೀಯ ಎಂದು ಗಂಡ ಹೇಳುತ್ತಲೇ ಇದ್ದಾರೆ. ಇದುವರೆಗೆ ಒಪ್ಪಿಕೊಂಡಿಲ್ಲ.

ಈಗ ಬೆಳಗ್ಗೆ ಕಟ್ಟಡದ ಹೆಂಗಸರ ಜೊತೆ ವಾಕಿಂಗಿಗೆ ಹೋಗುತ್ತೇನೆ. ಅವರು ಸೊಸೆಯಂದಿರ ಸುದ್ದಿ ಮಾತಾಡುತ್ತ ನಡೆಯುತ್ತಾರೆ. ನಾನು ಮುಂದೆ ಮುಂದೆ ಹೋಗುತ್ತೇನೆ. "ಮೆದುವಾ ಪೋಂಗ!" ಮೆಲ್ಲಗೆ ಹೋಗಿ, ಬಿದ್ದೀರಿ ಎಂದು ಹಿಂದಿನಿಂದ ಕೂಗುತ್ತಾರೆ. ನಾನು ಕೇಳಿಸದವಳಂತೆ ಇನ್ನೂ ಜೋರಾಗಿ ನಡೆಯುತ್ತೇನೆ.