ಮೊಲಗಳ ಪಂಕ್ತಿಭೇದ

ಗಂಡು ಮೊಲದ ಮರಿಗಳನ್ನು ಬೇಕೆಂದೇ ಧಗೆಯಲ್ಲಿ ಬೆಳೆಸುವುದು ನನ್ನ ಪಿಎಚ್‌ಡಿ ಕೆಲಸ. ಧಗೆಗೆ ಮೈಯೊಳಗೆ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಜೀವಕೋಶಗಳನ್ನು ಕೆಡಿಸುವ ಒತ್ತಡ ಹೆಚ್ಚಿ, ಬೆಳೆಯುವ ವೃಷಣ ಕುಗ್ಗುತ್ತದೆ. ಕೋಲ್ಕತ್ತಾದ ಸುತ್ತ ಸಾಕುವವರ ಗಂಡು ಮೊಲಗಳು ಬೇಸಿಗೆಯಲ್ಲಿ ಬರಡಾಗುವುದು ಹೀಗೇ ಎಂಬುದು ನನ್ನ ವಾದ. ಶೆಡ್ಡಿನ ಬಲಸಾಲಿಗೆ ಈ ಒತ್ತಡವನ್ನು ತಡೆಯುವ ವಿಟಮಿನ್ ಇ ಬೆರೆಸಿದ ಮೇವು, ಎಡಸಾಲಿಗೆ ಬರೀ ಮೇವು. ಎಡಗಡೆಯವು ಕೆಡಬೇಕು, ಬಲಗಡೆಯವು ಉಳಿಯಬೇಕು. ಹಿಂದಿನ ಎರಡು ಬೇಸಿಗೆಯೂ ಏನೇನೋ ತಪ್ಪಿ ಹಾಳಾಗಿದ್ದವು. ಫೆಲೋಶಿಪ್ಪಿಗೆ ಇದೇ ಕೊನೆಯದು.

ಆ ಬೇಸಿಗೆಗೆ ಅವ್ವ ಧಾರವಾಡದಿಂದ ಬಂದಳು. ಬಂಗಾಳಿ ಬಾರದು, ಹಿಂದಿ ಅರೆಬರೆ, ದಿನವಿಡೀ ಮಾತಿಗೊಬ್ಬರಿಲ್ಲ. ಮಧ್ಯಾಹ್ನ ನನಗೆ ಬುತ್ತಿ ತಂದು, ನಾನು ಲ್ಯಾಬಿನಿಂದ ಬರುವ ತನಕ ಶೆಡ್ಡಿನಲ್ಲಿ ಮೊಲಗಳ ಮುಂದೆ ಕೂರುತ್ತಿದ್ದಳು. ಹೊರಗಿನವರನ್ನು ಬಿಡಬಾರದೆಂಬ ನಿಯಮವಿತ್ತು. ಹೆತ್ತವಳು ಹೊರಗಿನವಳೇ ಎಂದು ನಾನೇ ಬಿಟ್ಟೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಮರಿಗಳು ಪ್ರಾಯಕ್ಕೆ ಬಂದಾಗ ಎಲ್ಲವನ್ನೂ ಕೊಂದು ವೃಷಣ ತೆಗೆದೆವು. ಅದು ಪ್ರಯೋಗದ ಕೊನೆಯ ಹಂತ, ಬೇರೆ ದಾರಿಯಿರಲಿಲ್ಲ. ಅಂದು ಅವ್ವನಿಗೆ ಬರಬೇಡ ಎಂದಷ್ಟೇ ಹೇಳಿದ್ದೆ, ಕೊಲ್ಲುವುದನ್ನು ಹೇಳಿರಲಿಲ್ಲ. ತೂಗಿದರೆ ಎರಡೂ ಸಾಲಿನವು ಒಂದೇ. ಸೂಕ್ಷ್ಮದರ್ಶಕದಲ್ಲಿ ಎಡಸಾಲಿನ ವೀರ್ಯಾಣುಗಳೂ ಚುರುಕಾಗಿ ಈಜುತ್ತಿದ್ದವು. ಚೀಟಿ ಅದಲುಬದಲಾಗಿದೆಯೇ ಎಂದು ಮತ್ತೆ ಮತ್ತೆ ನೋಡಿದೆ.

ಮನೆಗೆ ಬಂದಾಗ ಅವ್ವ ಸಿಯಾಲ್ದಾ ಮಾರ್ಕೆಟ್ಟಿನಿಂದ ತಂದ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ದಿನವೂ ತರುತ್ತಿದ್ದಳು, ಅಡುಗೆಗೆಂದುಕೊಂಡಿದ್ದೆ.

"ಇವತ್ತೂ ನುಗ್ಗಿಸೊಪ್ಪಿನ ಪಲ್ಯಾನ ಏನವ್ವಾ?"

"ಇದು ನಿನ್ನ ಮೊಲಕ್ಕವಾ. ಎಡಗಡಿ ಸಾಲಿನವು ಭಾಳ ಸೊರಗಿದ್ವು. ಅವಕ್ಕ ಔಷಧ ಹಾಕಂಗಿಲ್ಲ ನೀವು, ಪಂಕ್ತಿಭೇದ ಮಾಡ್ತೀರಿ. ನಾ ದಿನಾ ಒಂದೊಂದು ಹಿಡಿ ತಿನ್ನಿಸಿ ಸುಧಾರಿಸೀನಿ."

ವಿಟಮಿನ್ ಮಾಡುವ ಕೆಲಸವನ್ನೇ ನುಗ್ಗೆಸೊಪ್ಪೂ ಮಾಡುತ್ತದೆ. ನನ್ನ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಎಲ್ಲ ಮುಗಿಯಿತು, ಆ ಜೀವಗಳೂ ಸುಮ್ಮನೆ ಸತ್ತವು ಎಂದು ಅವಳ ಮುಖಕ್ಕೇ ಹೇಳಬೇಕೆನಿಸಿತು.

"ಯಾಕವಾ, ಮಾರಿ ಸಣ್ಣ ಮಾಡೀದಿ? ಈಗ ಛಲೋ ಅದಾವಲ್ಲ ಅವು?"

"ಛಲೋ ಅದಾವವ್ವಾ" ಎಂದೆ.

"ಹಂಗಾದ್ರ ನಾಳೆ ಬಲಗಡಿ ಸಾಲಿಗೂ ಒಂದೀಟು ತರ್ತೀನಿ. ನಾನೂ ಭೇದ ಮಾಡಬಾರದು ನೋಡು" ಎಂದು ಅವ್ವ ಇನ್ನೊಂದು ಕಟ್ಟು ಬಿಚ್ಚಿದಳು.