ಸ್ಟೂಲಿಲ್ಲದ ಫೋಟೋ

ನೆಲದಿಂದ ಎರಡು ಮೊಳ ಮೇಲೆ, ಯಾವ ಆಧಾರವೂ ಇಲ್ಲದೆ, ಒಬ್ಬ ಮನುಷ್ಯ ಅಂಗಾತ ಮಲಗಿದ್ದಾನೆ. ಅವನ ಶಾಲಿನ ಅಂಚು ಇಳಿಬಿದ್ದಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಎಂ.ಎ. ಓದುತ್ತಿದ್ದಾಗ, ವಡಾಲದ ನಮ್ಮ ಚಾಳಿನಲ್ಲಿ ಈ ಫೋಟೋ ಇಲ್ಲದ ಖೋಲಿಯೇ ಅಪರೂಪ. ಸಾಂತಾಕ್ರೂಜ್‌ನ ಭಕ್ತರೊಬ್ಬರ ಫ್ಲ್ಯಾಟಿನಲ್ಲಿ ಬೀಡುಬಿಟ್ಟಿದ್ದ ಸ್ವಾಮಿಯೊಬ್ಬನದು ಅದು. ಗುರುವಾರ ದರ್ಶನ, ಹೋದವರಿಗೆಲ್ಲ ಒಂದೊಂದು ಪ್ರತಿ.

ನನ್ನ ಸಿಟ್ಟಿಗೆ ಕಾರಣ ಬರೀ ಫೋಟೋ ಅಲ್ಲ, ಪಕ್ಕದ ಖೋಲಿಯ ಅಕ್ಕ. ವಿಜಾಪುರದ ಕಡೆಯವಳು, ಗಂಡ ಅಂಧೇರಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಗೌಂಡಿ. ಅವಳಿಗೆ ಕ್ಷಯ. ಮುನ್ಸಿಪಾಲ್ಟಿ ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು ಒಂದಿಷ್ಟು ಚೇತರಿಸಿಕೊಳ್ಳುತ್ತಿದ್ದವಳ ಕೈಗೆ ಸ್ವಾಮಿ ಫೋಟೋ ಕೊಟ್ಟು, ಇನ್ನು ಸೂಜಿ ಬೇಡ, ಮೈ ತಾನಾಗಿ ಹಗುರಾಗುತ್ತದೆ ಎಂದನಂತೆ. ಅಂದಿನಿಂದ ಅವಳು ದವಾಖಾನೆಯ ಕಡೆ ತಲೆಹಾಕಲಿಲ್ಲ. ಹಗುರಾದದ್ದು ಮಾತ್ರ ನಿಜ: ರವಿಕೆಯ ತೋಳು ಜೋಲುತ್ತಿತ್ತು.

ನಾನು ಸಾಂತಾಕ್ರೂಜ್‌ಗೆ ಹೋದೆ. ಸ್ವಾಮಿಯ ಹತ್ತಿರಕ್ಕೆ ನನ್ನನ್ನು ಬಿಡಲಿಲ್ಲ. ಬಾಗಿಲಲ್ಲಿದ್ದ ಶಿಷ್ಯನನ್ನೇ ಕೇಳಿದೆ: "ಈ ಫೋಟೋ ತೆಗೆದವರು ಯಾರು? ಎಲ್ಲಿ ತೆಗೆದರು? ರೋಗಿಗೆ ಔಷಧ ನಿಲ್ಲಿಸು ಎನ್ನಲು ಇವರಿಗೆ ಅಧಿಕಾರ ಕೊಟ್ಟವರು ಯಾರು?"

ಅವನು ನನ್ನ ಹೆಗಲ ಮೇಲಿನ ಪುಸ್ತಕದ ಚೀಲವನ್ನು ನೋಡಿ ನಕ್ಕ. "ಕಾಲೇಜಾ? ಮನುಷ್ಯಾ ಝೂಟ್ ಹೇಳಬಹುದು ಬಾಯಿಸಾಬ್, ಕ್ಯಾಮೆರಾ ಹೇಳ್ತದೇನು?"

ಆ ಮಾತಿಗೆ ಕ್ಯಾಮೆರಾದಿಂದಲೇ ಉತ್ತರ ಕೊಡಬೇಕೆಂದು ನಿಶ್ಚಯಿಸಿದೆ. ನಾನು ಕಾಲೇಜಿನ ಫೋಟೋ ಸಂಘದ ಸದಸ್ಯೆ. ಯುಕ್ತಿ ನನಗೆ ತಿಳಿದಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ ಎರಡು ಚಿತ್ರ ತೆಗೆಯಬೇಕು: ಸ್ಟೂಲಿನ ಮೇಲೆ ಮಲಗಿದ ಮನುಷ್ಯನದೊಂದು, ಸ್ಟೂಲೂ ಮನುಷ್ಯನೂ ಇಲ್ಲದ ಖಾಲಿ ಜಾಗದ್ದೊಂದು. ಆಮೇಲೆ ಕತ್ತಲ ಕೋಣೆಯಲ್ಲಿ ರಟ್ಟಿನ ತುಂಡು ಅಡ್ಡ ಹಿಡಿದು, ಒಂದೇ ಕಾಗದದ ಮೇಲೆ, ಮೇಲರ್ಧವನ್ನು ಮೊದಲನೆಯದರಿಂದ, ಕೆಳಗಿನರ್ಧವನ್ನು ಎರಡನೆಯದರಿಂದ ಇಳಿಸಬೇಕು. ಸ್ಟೂಲಿನ ಹಲಗೆಯನ್ನು ಬಟ್ಟೆ ಮುಚ್ಚುತ್ತದೆ. ಇಷ್ಟೇ ಪವಾಡ.

ತೇಲಲು ಒಪ್ಪಿದವಳು ಚಾಳಿನ ತುದಿಯ ಖೋಲಿಯ ಆಯಿ. ಧಾರವಾಡದ ಮುದುಕಿ, ಹಲ್ಲಿಲ್ಲ, ಬಾಯಿಗೆ ಬಿಡುವೂ ಇಲ್ಲ. ಒಂದು ಮಧ್ಯಾಹ್ನ ಅವಳ ಖೋಲಿಯೊಳಗೇ, ಅವಳದೇ ಸ್ಟೂಲಿನ ಮೇಲೆ ಅವಳನ್ನು ಮಲಗಿಸಿದೆ. "ಲಗೂ ತಗೀಯವ್ವ, ನಡಾ ಮುರೀತು. ಸ್ವರ್ಗಕ್ಕ ಹೋಗೂದು ಇಷ್ಟು ತ್ರಾಸಂದ್ರ ನಾ ಇಲ್ಲೇ ಇರತೀನಿ," ಎಂದಳು.

ಫೋಟೋ ಬಂತು, ಆಯಿ ದೇವತೆಯಂತೆ ತೇಲುತ್ತಿದ್ದಳು. ಅದನ್ನು ಚಾಳಿನಲ್ಲೆಲ್ಲ ತೋರಿಸಿ, ಯುಕ್ತಿಯನ್ನು ವಿವರಿಸಿ, ಗೆದ್ದೆನೆಂದುಕೊಂಡು ಕಾಲೇಜಿಗೆ ಹೋದೆ.

ಸಂಜೆ ಬಂದು ನೋಡಿದರೆ ಆಯಿಯ ಫೋಟೋದ ಹಣೆಗೆ ಕುಂಕುಮ, ಮೇಲೊಂದು ಚೆಂಡು ಹೂವು. ಬಾಗಿಲಲ್ಲಿ ಇಬ್ಬರು ಹೆಂಗಸರು ಆಯಿಯ ಕಾಲಿಗೆ ಬೀಳುತ್ತಿದ್ದರು.

"ಏಳ್ರೇ, ಹುಚ್ಚಪ್ಯಾಲಿಗಳಾ," ಎಂದು ಆಯಿ ಕೂಗುತ್ತಿದ್ದಳು. "ಸ್ಟೂಲ ಇತ್ತಂತ ಹೇಳಲಿಲ್ಲೇನ? ಅಲ್ಲೇ ಮೂಲ್ಯಾಗ ಅದ ನೋಡ್ರಿ."

"ದೊಡ್ಡವರು ಹಂಗ ಅಂತಾರ ಬಿಡ್ರಿ ಆಯಿ," ಎಂದಳು ಒಬ್ಬಳು. "ಸ್ಟೂಲ ಇದ್ದಿದ್ರ ಫೋಟೋದಾಗ ಬರತಿರಲಿಲ್ಲೇನು?"

ನಮ್ಮವರ ಮನೆಗಳಲ್ಲಿ ಫೋಟೋಕ್ಕೆ ಕುಂಕುಮ ಏರುವುದು ಎರಡೇ ಸಂದರ್ಭದಲ್ಲಿ: ಅದರೊಳಗಿರುವವರು ದೇವರಾಗಿರಬೇಕು, ಇಲ್ಲವೆ ತೀರಿಕೊಂಡಿರಬೇಕು. "ನಾ ಇನ್ನೂ ಸತ್ತಿಲ್ಲೋ!" ಎಂದು ಆಯಿ ಸೆರಗಿನಿಂದ ಫೋಟೋದೊಳಗಿನ ತನ್ನ ಹಣೆಯನ್ನು ತಾನೇ ಒರೆಸುತ್ತಿದ್ದಳು. ಸುಳ್ಳನ್ನು ಬಯಲಿಗೆಳೆಯಲು ನಾನು ಮಾಡಿದ ಚಿತ್ರ ಸುಳ್ಳಿಗೆ ಎರಡನೆಯ ಸಾಕ್ಷಿಯಾಗಿ ನಿಂತಿತ್ತು. ಪಕ್ಕದ ಖೋಲಿಯ ಅಕ್ಕನೇ ಹೇಳಿದಳು: "ಆಯಿಗೂ ಗುರುಗಳ ಕೃಪಾ ಆಗೇದ ತಂಗಿ. ನಂದೂ ಒಂದ ತಗಿ. ನನಗ ಆಗೇದೋ ಇಲ್ಲೋ ನೋಡೂಣು."

ಬೇಡವೆನ್ನಬೇಕಿತ್ತೇನೋ. ಆದರೆ ಆ ಕಣ್ಣುಗಳಲ್ಲಿದ್ದದ್ದು ಮೂರ್ಖತನವಲ್ಲ, ಬದುಕುವ ಆಸೆ. ಅದನ್ನು ತಿರಸ್ಕರಿಸುವ ಹಕ್ಕು ನನಗಿರಲಿಲ್ಲ; ಅದನ್ನು ದುಡಿಸಿಕೊಳ್ಳುವ ಹಕ್ಕು ಸಾಂತಾಕ್ರೂಜ್‌ನವನಿಗೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಗಂಡ ಅವಳನ್ನು ಎತ್ತಿ ಸ್ಟೂಲಿನ ಮೇಲೆ ಮಲಗಿಸಿದ. ಇಟ್ಟಿಗೆ ಹೊತ್ತು ಬಲಿತ ಆ ಕೈಗಳಿಗೆ ಅವಳು ಭಾರವೇ ಆಗಲಿಲ್ಲ. ಅದು ತಿಳಿದೊಡನೆ ಅವನು ಮುಖ ತಿರುಗಿಸಿಕೊಂಡ. ಹಲಗೆ ಬೆನ್ನೆಲುಬಿಗೆ ಒತ್ತುತ್ತಿತ್ತು. ಒಳಗೆ ಬೆಳಕು ಕಡಿಮೆ. ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಅಷ್ಟು ಹೊತ್ತು ಅಲುಗಬಾರದು. ಪ್ರತಿ ಸಲವೂ ಕೆಮ್ಮು ಬಂದು ಚಿತ್ರ ಕೆಟ್ಟಿತು. "ತಡಿ ತಂಗಿ, ಉಸರ ಹಿಡೀತೀನಿ," ಎಂದು ಕಣ್ಣುಮುಚ್ಚಿ, ಸೆರಗನ್ನು ಹಿಡಿಯಲ್ಲಿ ಬಿಗಿದು ತಡೆದಳು. ಅದೊಂದು ಬಂತು. ಆಮೇಲೆ ಬಹಳ ಹೊತ್ತು ಕೆಮ್ಮಿದಳು. ಗಂಡ ತಂಬಿಗೆ ಹಿಡಿದು ಬೆನ್ನು ನೀವುತ್ತ ನಿಂತಿದ್ದ.

ಪ್ರತಿಯನ್ನು ಅವಳ ಕೈಗೆ ಕೊಟ್ಟಾಗ ನಾನು ಯಾವ ಉಪದೇಶವನ್ನೂ ಮಾಡಲಿಲ್ಲ. ಚಿತ್ರದಲ್ಲಿ ಅವಳು ಗಾಳಿಯಲ್ಲಿ ಮಲಗಿದ್ದಳು, ಮುಖದಲ್ಲಿ ನಿದ್ದೆಯ ಶಾಂತಿ.

"ಇದರಾಗ ಕೆಮ್ಮು ಕಾಣಸೂದಿಲ್ಲಲ್ಲ," ಎಂದಳು.

ಗಂಡ ಬಗ್ಗಿ ನೋಡಿದ. "ಎಷ್ಟ ಸಮಾಧಾನ ಇದ್ದೀ."

"ಸಮಾಧಾನ ಎಲ್ಲೀದು? ಜೀವಾ ಹೋಗಿತ್ತು ನಂದು." ಅವಳು ಗೋಡೆಯ ಮೇಲಿನ ಸ್ವಾಮಿಯ ಚಿತ್ರವನ್ನು ನೋಡಿದಳು, ಮತ್ತೆ ತನ್ನದನ್ನು. "ಅವರೂ ಹಿಂಗ ಉಸರ ಹಿಡಿದಿರಬೇಕು."

ಅಷ್ಟರಲ್ಲಿ, ಅಂದು ಆಯಿಯ ಕಾಲಿಗೆ ಬಿದ್ದವರಲ್ಲೊಬ್ಬಳು ಕುಂಕುಮದ ಬೆರಳು ಚಾಚಿ ಒಳಗೆ ಬಂದಳು. ಅಕ್ಕ ಅಂಗೈಯಿಂದ ಫೋಟೋವನ್ನು ಮುಚ್ಚಿದಳು. "ಹಚ್ಚಬ್ಯಾಡವಾ. ಸ್ಟೂಲಿನ ಮ್ಯಾಲ ಮಲಗಿದ್ದೆ. ಬೆನ್ನಾಗ ಗಾಯ ಆಗೇದ, ತೋರಸಲೇನು?" ಎಂದು, ಗಂಡನ ಕಡೆ ತಿರುಗಿ ಕೇಳಿದಳು: "ನಾಳೆ ಕೆಲಸಕ್ಕ ರಜಾ ಹಾಕತೀರೇನು?"

ಮರುದಿನ ಮೂವರೂ ದವಾಖಾನೆಗೆ ಹೋದೆವು. ಔಷಧವನ್ನು ನಡುವೆ ಬಿಟ್ಟದ್ದರಿಂದ ಎಲ್ಲವೂ ಮೊದಲಿನಿಂದ, ಗುಣವಾಗುವ ಭರವಸೆ ಮೊದಲಿನಷ್ಟಿಲ್ಲ ಎಂದರು ಡಾಕ್ಟರು. ಚೀಟಿಯ ಮೇಲೆ 'ರೋಗಿಯ ನಿರ್ಲಕ್ಷ್ಯ' ಎಂದು ಬರೆದರು. ನನಗೆ ತಡೆಯಲಾಗಲಿಲ್ಲ. ಸೂಜಿ ನಿಲ್ಲಿಸಿದವನ ಹೆಸರನ್ನು ಬರೆಯಿರಿ, ಅವನ ವಿಳಾಸ ನನ್ನಲ್ಲಿದೆ, ತಪ್ಪನ್ನು ಇವಳ ತಲೆಗೆ ಯಾಕೆ ಕಟ್ಟುತ್ತೀರಿ ಎಂದು ಮೇಜಿನ ಮುಂದೆ ನಿಂತೆ. ಅದನ್ನು ಬರೆಯಲು ಜಾಗವಿಲ್ಲ ಎಂದರು ಅವರು. ಜಾಗ ಮಾಡಿ ಎಂದೆ. ಆ ಬೇಡಿಕೆಯನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಅಕ್ಕ ನನ್ನ ಚೀಲದ ಪಟ್ಟಿ ಹಿಡಿದು ಜಗ್ಗಿದಳು. "ಅವರ ಕೂಡ ಆಮ್ಯಾಲ ಜಗಳಾಡು ತಂಗಿ. ಸೂಜಿ ಮಾಡೂ ನರ್ಸಬಾಯಿ ಊಟಕ್ಕ ಎದ್ದು ಹೋಗ್ತಾಳ," ಎಂದು, ಸಾಲಿನ ಕಡೆಗೆ ನಡೆದಳು.