ಪಾಲಿಶ್ ಕಟ್ಟಿದ ಗಂಟುಗಳು

ಮಂಗಳವಾರ ಬೆಳಿಗ್ಗೆ ಪಾಲಿಶ್ ತೀರಿಕೊಂಡ. ಮನೆಯಲ್ಲೇ, ಕಂಪ್ಯೂಟರಿನ ಮುಂದೆ, ಕೂತಿದ್ದವನು ಕೂತ ಹಾಗೆಯೇ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ನನಗೆ ಫೋನ್ ಮಾಡಿದ್ದು ಪಕ್ಕದ ಮನೆಯಾಕೆ. ಅವನ ಹೆಂಡತಿಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ನಾನು ಹೋಗುವ ಹೊತ್ತಿಗೆ ಅವನನ್ನು ಮಂಚದ ಮೇಲೆ ಮಲಗಿಸಿದ್ದರು. ಕಂಪ್ಯೂಟರ್ ಇನ್ನೂ ಆನ್ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಪಾಲಿಶ್ ಎನ್ನುವುದು ನಾವು ಇಟ್ಟ ಹೆಸರು. ಅವನು ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಗಾಜನ್ನು ಫ್ರೇಮಿನ ಅಳತೆಗೆ ಸವೆಸುವುದು, ಅಂಚಿಗೆ ಹೊಳಪು ಕೊಡುವುದು, ಕೂಡಿಸುವುದು. ಕಿಟಕಿಯಿಲ್ಲದ ಕೋಣೆ. ಸದಾ ಒದ್ದೆಯಾಗಿರುವ ಯಂತ್ರ, ಬಿಳಿ ಕೆಸರು ತುಂಬಿದ ಬಕೆಟ್ಟು, ಮೊಳೆಗೆ ನೇತುಹಾಕಿದ ಏಪ್ರನ್ನು. ಅವನ ಉಗುರಿನ ಸಂದಿಯಲ್ಲಿ ಆ ಬಿಳಿ ಪುಡಿ ಯಾವಾಗಲೂ ಇರುತ್ತಿತ್ತು. ಅವನದೊಂದು ನಿಯಮವಿತ್ತು: ಗಿರಾಕಿ ಹಾಕಿಕೊಂಡು ನೋಡದೆ ಕನ್ನಡಕ ಅಂಗಡಿಯಿಂದ ಆಚೆ ಹೋಗಕೂಡದು. ಅವಸರದಲ್ಲಿದ್ದವರನ್ನೂ ಬಿಡುತ್ತಿರಲಿಲ್ಲ. ಹಿಂದಿನ ಕೋಣೆಯಿಂದ ತಾನೇ ಎದ್ದು ಬಂದು, "ಸ್ವಲ್ಪ ಹಾಕ್ಕೊಳ್ಳಿ, ಆ ಬೋರ್ಡ್ ಓದಿ, ಆಮೇಲೆ ಎಲ್ಲಿಗಾದ್ರೂ ಹೋಗಿ" ಎನ್ನುತ್ತಿದ್ದ. ಮಾಲೀಕರಿಗೆ ಇದರಿಂದ ಕಿರಿಕಿರಿ. ಆದರೆ ಅವನು ಕೂಡಿಸಿದ ಕನ್ನಡಕ ವಾಪಸು ಬರುತ್ತಿರಲಿಲ್ಲ, ಹಾಗಾಗಿ ಸುಮ್ಮನಿದ್ದರು.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಕಣ್ಣು ಬೇಗ ಸವೆಯುವ ಕೆಲಸ, ಅವನ ಪರಿಚಯವಾದದ್ದೇ ಹಾಗೆ. ನನ್ನನ್ನು ಅವನು ಪಂಡಿತ ಎಂದು ಕರೆಯುತ್ತಿದ್ದ. ಗೌರವದಿಂದೇನಲ್ಲ.

ಅತ್ತಿಗೆಗೆ, ಅಂದರೆ ಅವನ ಹೆಂಡತಿಗೆ, ಮೂರು ವರ್ಷದ ಹಿಂದೆ ಗಂಟಲಿನಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು. ಆಪರೇಷನ್ನಿಗೆ ಇನ್ನೂ ಕೆಲವು ವಾರ ಇದೆ ಎನ್ನುವಾಗ ಆಸ್ಪತ್ರೆಯ ನರ್ಸ್ ಒಬ್ಬರು, "ಈಗಲೇ ನಿಮ್ಮ ಮಾತು ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಆಮೇಲೆ ಬೇಕು ಅನ್ಸುತ್ತೆ" ಎಂದರಂತೆ. ಪಾಲಿಶ್ ಆ ಸಂಜೆಯೇ ಒಂದು ಮೈಕು ತಂದ. ಅತ್ತಿಗೆ ಮಾತಿನ ಮಲ್ಲಿ. ಊಟದ ಮೇಜಿನ ಮುಂದೆ ಕೂತು, ದಿನಾ ಒಂದಿಷ್ಟು ಮಾತುಗಳನ್ನು ಮೈಕಿಗೆ ಹೇಳಿದರು. ಯಾರು? ಬಂದೆ, ನಿಲ್ಲಿ. ಹಾಲು ಉಕ್ತಿದೆ. ಆಮೇಲೆ ಬೇಸರವಾಗಿ ತಮಗೆ ತೋಚಿದ್ದನ್ನೆಲ್ಲ ಹೇಳಿದರು. "ರೀ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ, ಎಷ್ಟು ಸಲ ಬಾಯಿ ಬಡ್ಕೊಳ್ಳಲಿ." ಪಾಲಿಶ್ ಎಲ್ಲವನ್ನೂ ವಿಂಗಡಿಸಿದ. ಬಾಗಿಲು, ಅಡುಗೆಮನೆ, ಹೆಸರುಗಳು, ಬೈಗುಳ. ಎಲ್ಲಕ್ಕಿಂತ ದಪ್ಪ ಫೋಲ್ಡರು ಬೈಗುಳದ್ದು.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತಿಗೆ ಉಳಿದರು, ದನಿ ಹೋಯಿತು. ಅಂದಿನಿಂದ ಅವರ ಕೈಯಲ್ಲಿ ಮಕ್ಕಳು ಬರೆದು ಅಳಿಸುವ ಒಂದು ಪ್ಲಾಸ್ಟಿಕ್ ಸ್ಲೇಟು. ಪಾಲಿಶ್‌ಗೆ ಅದು ಸಾಲದು. ಕೆಲಸದಿಂದ ಬಂದವನೇ ಕಂಪ್ಯೂಟರ್ ಹಾಕುತ್ತಿದ್ದ. ಮನೆಗೆ ಯಾರಾದರೂ ಬಂದರೆ ಬಾಗಿಲು ಫೋಲ್ಡರಿನಿಂದ "ಬನ್ನಿ ಬನ್ನಿ, ಏನ್ ಅಪರೂಪ" ಹಾಕುತ್ತಿದ್ದ. ಒಮ್ಮೆ ಗ್ಯಾಸ್ ತಂದವನಿಗೆ ಗಡಿಬಿಡಿಯಲ್ಲಿ ಬೈಗುಳದ್ದು ಒತ್ತಿದ. "ಕಣ್ಣು ಎಲ್ಲಿಟ್ಟಿದೀರಿ, ಹಣೆ ಮೇಲಾ, ನೆತ್ತಿ ಮೇಲಾ?" ಎಂದು ಕೇಳಿದ ಆ ಮನುಷ್ಯ ಸಿಲಿಂಡರನ್ನು ಅಲ್ಲೇ ಇಳಿಸಿ, "ತಪ್ಪಾಯ್ತಮ್ಮಾ" ಎಂದನಂತೆ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ಅವನು ವಾರಗಟ್ಟಲೆ ಎಲ್ಲರಿಗೂ ಹೇಳಿದ.

ಇವೆಲ್ಲ ಎಲ್ಲಿ ಅಳಿಸಿಹೋಗುತ್ತವೋ ಎಂಬ ಭಯ ಅವನಿಗೆ. ನಮ್ಮ ಬೀದಿಯ ಕೊನೆಯಲ್ಲಿರುವ ಕಂಪ್ಯೂಟರ್ ರಿಪೇರಿಯವನು ಜಿಪ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟು, ಬೇಕಾದ ಫೋಲ್ಡರುಗಳನ್ನು ಆರಿಸಿ ಒತ್ತಿದರೆ ಎಲ್ಲ ಸೇರಿ ಒಂದೇ ಫೈಲಾಗುತ್ತದೆ, ಅದನ್ನು ಪೆನ್ ಡ್ರೈವಿಗೆ ಹಾಕಿ ಬೇರೆ ಇಡಿ ಎಂದು ತೋರಿಸಿದ. ಪಾಲಿಶ್ ಅದಕ್ಕೆ ಗಂಟು ಕಟ್ಟುವುದು ಎಂದು ಹೆಸರಿಟ್ಟ. ಭಾನುವಾರ ಸ್ನಾನ ಮುಗಿಸಿ, ತಲೆ ಇನ್ನೂ ಒದ್ದೆ ಇರುವಾಗಲೇ ಗಂಟು ಕಟ್ಟಲು ಕೂರುತ್ತಿದ್ದ. ಆ ಹೊತ್ತಿಗೆ ನಾನು ಚಹಾಕ್ಕೆ ಹೋಗಿರುತ್ತಿದ್ದೆ.

"ನೋಡೋ ಪಂಡಿತ, ಕಣ್ಣು ಮಿಟುಕಿಸೋದ್ರೊಳಗೆ ಆಗೋಯ್ತು. ಇಷ್ಟು ಮಾತನ್ನೂ ಸಾಸಿವೆ ಡಬ್ಬಿಯಷ್ಟು ಜಾಗದಲ್ಲಿ ತುಂಬ್ಸುತ್ತೆ ಇದು."

"ಅತ್ತಿಗೆ ಮಾತು ಡಬ್ಬಿಗೆ ಹಿಡಿಸ್ತಾ? ನಂಬೋ ಮಾತಾ ಇದು?" ಎಂದೆ.

ಅತ್ತಿಗೆ ಸ್ಲೇಟಿನ ಮೇಲೆ ಬರೆದರು: "ಮುಚ್ಚಳ ಬಿಗಿಯಾಗಿದೆ."

ಕಟ್ಟಿದ ಮೇಲೆ ಅವನು ಪರೀಕ್ಷೆ ಮಾಡದೆ ಏಳುತ್ತಿರಲಿಲ್ಲ. ಪೆನ್ ಡ್ರೈವಿನೊಳಗಿನ ಗಂಟು ಬಿಚ್ಚಿ, ಬೈಗುಳದ ಮೇಲೆ ಒತ್ತಿ, ಯಾವುದಾದರೂ ಒಂದನ್ನು ಹಾಕಿ ಕೇಳುತ್ತಿದ್ದ. ಮಾತು ಬರುತ್ತಿತ್ತು. ತಲೆಯಾಡಿಸಿ, ಪೆನ್ ಡ್ರೈವಿಗೆ ಕ್ಯಾಪ್ ಹಾಕುತ್ತಿದ್ದ. ಅಂಥವು ಮೂರಿದ್ದವು. ಒಂದು ಬೀರುವಿನಲ್ಲಿ, ಒಂದು ಅಂಗಡಿಯ ಡ್ರಾಯರಿನಲ್ಲಿ, ಒಂದು ಅವನ ಜೇಬಿನಲ್ಲಿ. ಅತ್ತಿಗೆ ಆ ಹೊತ್ತಿಗೆ ಎದ್ದು ಬಾಲ್ಕನಿಗೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು.

ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಎದ್ದೇಳಲಿಲ್ಲ. ಒಳಗೆ ಹಲ್ಲಿ ಲೊಚಗುಟ್ಟಿದಂಥ ಸದ್ದು. ನಾವಿಬ್ಬರೂ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಪೇರಿಯವನ ಹತ್ತಿರ ತೆಗೆದುಕೊಂಡು ಹೋದೆವು.

"ಹಾರ್ಡ್ ಡಿಸ್ಕ್ ಹೋಗಿದೆ ಅಂಕಲ್. ಪೂರ್ತಿ. ಹೊರಗೆ ಕಳ್ಸಿದ್ರೂ ಸಿಗೋದು ಡೌಟು. ಬ್ಯಾಕಪ್ ಇದೆ ತಾನೆ?"

"ಒಂದಲ್ಲ, ಮೂರಿದೆ" ಎಂದು ಪಾಲಿಶ್ ಜೇಬಿಗೆ ಕೈ ಹಾಕಿದ. ಅವನ ಮುಖದಲ್ಲಿ ಭಯವಿರಲಿಲ್ಲ. ಹೆಮ್ಮೆಯೇ ಇತ್ತು.

ರಿಪೇರಿಯವನು ತನ್ನ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿ ಗಂಟು ಬಿಚ್ಚಿದ. ನಾಲ್ಕು ಫೋಲ್ಡರುಗಳ ಚಿತ್ರ ಕಂಡಿತು. ಒತ್ತಿದರೆ ಏನೂ ತೆರೆಯಲಿಲ್ಲ. ಅವನು ಬಗ್ಗಿ ನೋಡಿದ.

"ಅಂಕಲ್, ಇವು ಫೋಲ್ಡರ್ ಅಲ್ಲ. ಶಾರ್ಟ್‌ಕಟ್ಟು. ಮೂಲೆಯಲ್ಲಿ ಪುಟ್ಟ ಬಾಣ ಇದೆ ನೋಡಿ."

"ಅದು ಮೊದಲಿಂದಾನೂ ಇತ್ತು."

"ಅದೇ ಹೇಳ್ತಿರೋದು. ಇದು ಮನೆ ಇಲ್ಲಿದೆ ಅಂತ ದಾರಿ ತೋರ್ಸೋ ಬಾಣ. ನೀವು ಕಟ್ಟಿಟ್ಟಿರೋದು ಬಾಣ. ಮನೆ ಹಳೇ ಡಿಸ್ಕಲ್ಲೇ ಉಳ್ಕೊಂಡಿತ್ತು."

"ಇಲ್ಲ ಇಲ್ಲ. ನಾನು ಪ್ರತಿ ಸಲ ಬಿಚ್ಚಿ ಕೇಳಿದೀನಿ. ಇವನೂ ಕೇಳಿದಾನೆ. ಕೇಳೋ ಇವನನ್ನ."

"ಎಲ್ಲಿ ಬಿಚ್ಚಿದ್ರಿ?"

"ಮನೇಲಿ. ನನ್ನ ಕಂಪ್ಯೂಟರಲ್ಲಿ."

ರಿಪೇರಿಯವನು ಪೆನ್ ಡ್ರೈವ್ ತೆಗೆದು ಅವನ ಕೈಗೆ ಕೊಟ್ಟ. ಮೂಲ ಫೈಲುಗಳು ಆ ಕಂಪ್ಯೂಟರಿನಲ್ಲೇ ಇದ್ದುದರಿಂದ ಬಾಣ ಅಲ್ಲಿಗೇ ಹೋಗಿ ಮಾತನ್ನು ತರುತ್ತಿತ್ತು. ಅತ್ತಿಗೆಗೆ ಹುಡುಕಲು ಸುಲಭವಾಗಲಿ ಎಂದು ಆ ಬಾಣಗಳನ್ನು ಮೊದಲ ಪರದೆಯ ಮೇಲೆ ಇಟ್ಟವನು ಪಾಲಿಶೇ. ಕಟ್ಟುವಾಗ ಕಣ್ಣೆದುರಿಗೆ ಕಂಡದ್ದನ್ನೇ ಆರಿಸಿ ಕಟ್ಟಿದ್ದ. ಉಳಿದೆರಡು ಪೆನ್ ಡ್ರೈವ್‌ಗಳನ್ನೂ ತಂದು ತೋರಿಸಿದ. ಅವುಗಳಲ್ಲೂ ಬಾಣಗಳೇ.

ಮನೆಗೆ ಹೋದಾಗ ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ಅವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ. ಅವರು ಸ್ಲೇಟು ತೆಗೆದುಕೊಂಡರು.

"ಬೈಗುಳವೂ ಹೋಯಿತಾ?"

"ಎಲ್ಲ ಹೋಯ್ತು ಕಣೇ."

"ಹಾಗಾದರೆ ಪಾರಾದಿರಿ."

ಅವನು ನಗಲಿಲ್ಲ. ಅತ್ತಿಗೆ ಬರೆದದ್ದನ್ನು ಅಳಿಸಿ, ಮತ್ತೆ ಬಟ್ಟೆ ಮಡಚಿದರು. ನಾನು ಬರುತ್ತೇನೆ ಎಂದೆ. ಯಾರೂ ಕೂತ್ಕೋ ಎನ್ನಲಿಲ್ಲ.

ಆಮೇಲೆ ಅವನು ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿಸಿ, ಒಂದು ಕೇಬಲ್ ಜೇಬಿಗೆ ಹಾಕಿಕೊಂಡು ಪರಿಚಯದವರ ಮನೆಮನೆ ಸುತ್ತಿದ. ದನಿ ಇದ್ದ ಕಾಲದಲ್ಲಿ ಅತ್ತಿಗೆ ಫೋನಿನಲ್ಲಿ ಕಳಿಸಿದ್ದ ವಾಯ್ಸ್ ಮೆಸೇಜುಗಳು ಯಾರ ಬಳಿಯಾದರೂ ಉಳಿದಿವೆಯೇ ಎಂದು. ಹೆಚ್ಚಿನವರು ಫೋನ್ ಬದಲಿಸಿದ್ದರು. ದರ್ಜಿಯ ಹತ್ತಿರ ಒಂದು ಸಿಕ್ಕಿತು: "ತೋಳು ಬಿಗಿಯಾಗಿದೆ, ಬಿಚ್ಚಿ ಕೊಡಿ." ಅವನ ಅಂಗಡಿಯ ಮಾಲೀಕರ ಹತ್ತಿರ ಒಂದು: "ಇವತ್ತು ಇವರಿಗೆ ಜ್ವರ, ಬರಲ್ಲ." ಅಷ್ಟನ್ನೇ ಅವನು ಮೂರ್ನಾಲ್ಕು ಸಲ ಕೇಳಿದ.

ಕೊನೆಗೆ ಅತ್ತಿಗೆಯ ತಂಗಿಯ ಮನೆಗೆ ಹೋದೆವು. ಬೇಕರಿಯ ಮೇಲಿನ ಮಹಡಿ. ಮೆಟ್ಟಿಲ ತುಂಬ ಬ್ರೆಡ್ಡಿನ ವಾಸನೆ. ಆಕೆ ಫೋನನ್ನು ಎದೆಗೆ ಒತ್ತಿಕೊಂಡು ನಿಂತರು.

"ಇದೆ ಭಾವ, ಬೇಕಾದಷ್ಟಿದೆ. ಆದ್ರೆ ಎಲ್ಲ ನಿಮ್ಮ ಮೇಲಿನ ದೂರೇ. ಕೇಳ್ತೀರಾ?"

"ದೂರೇ ಇರ್ಲಿ. ದನಿ ಅವಳದ್ದು ತಾನೆ."

"ಆಮೇಲೆ ನನ್ನ ಮೇಲೆ ಮುನಿಸ್ಕೊಂಡ್ರೆ?"

"ಮುನಿಸ್ಕೊಂಡು ನಾನೇನು ಕಿಸೀತೀನಮ್ಮಾ? ಕೊಡು ಇತ್ತ."

ಒಂದು ಮೆಸೇಜು ಬಹಳ ಉದ್ದವಿತ್ತು. ಆಪರೇಷನ್ನಿಗೆ ಮುಂಚಿನದು. ಗೊರಕೆ, ಆಮೆ ನಡಿಗೆ, ಸಿಂಕಿನಲ್ಲಿ ಬಿಟ್ಟ ಲೋಟ, ಎಲ್ಲದರ ದೂರು. ಪಾಲಿಶ್ ಫೋನಿನ ಕಡೆಗೆ ಬಾಗಿ ಕಿವಿಗೊಟ್ಟು ಕೂತಿದ್ದ. ಕೊನೆಯಲ್ಲಿ ದನಿ ಸ್ವಲ್ಪ ತಗ್ಗಿತು: "ದಿನಾ ಆ ಮೈಕ್ ಮುಂದೆ ಕೂತ್ಕೋತೀನಿ ಕಣೇ. ನನಗೇನೂ ಬೇಡ ಅದು. ಹೋದ ಮೇಲೆ ನನ್ನ ದನಿ ನಾನೇ ಕೇಳೋಕೆ ನನ್ನ ಕೈಲಾಗಲ್ಲ. ಇವರಿಗೋಸ್ಕರ. ಮನೇಲಿ ಯಾರೂ ಬೈಯ್ಯದಿದ್ರೆ ಈ ಮನುಷ್ಯನಿಗೆ ಊಟ ಸೇರಲ್ಲ."

ನಾದಿನಿ ನೆಲ ನೋಡುತ್ತಿದ್ದರು. ಪಾಲಿಶ್, "ಇದನ್ನೂ ಹಾಕ್ಕೊಡು" ಎಂದ.  ಬಸ್ ಸ್ಟಾಪಿನಲ್ಲಿ, "ಬಾಲ್ಕನಿಗೆ ಎದ್ದು ಹೋಗ್ತಿದ್ಲು, ಅಲ್ವೇನೋ" ಎಂದ.

ಅಂದು ಮನೆಯಲ್ಲಿ ಏನಾಯಿತು ಎನ್ನುವುದನ್ನು, ಅವನು ತೀರಿಕೊಂಡ ಮೇಲೆ, ಅತ್ತಿಗೆ ನನಗೆ ಬರೆದು ತಿಳಿಸಿದರು. ಎಲ್ಲ ಅಳಿಸಿಬಿಡಲಾ ಎಂದು ಕೇಳಿದನಂತೆ. ಇಟ್ಟುಕೊಳ್ಳಿ, ನನಗೆ ಕೇಳಿಸಬೇಡಿ ಎಂದು ಇವರು ಬರೆದರಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನು ರೇಗಿದನಂತೆ. ಅದಕ್ಕೆ ಇವರು, "ನಿಮಗೆ ಊಟ ಸೇರುತ್ತಿತ್ತಲ್ಲ" ಎಂದು ಬರೆದರಂತೆ. ಮರುದಿನ ಅವನು ಇಯರ್‌ಫೋನ್ ತಂದ.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಸಂಜೆ, ಪೆನ್ ಡ್ರೈವ್ ಹಿಡಿದು ನನ್ನ ಮನೆಗೆ ಬಂದ. ಸಿಕ್ಕಿದ್ದಷ್ಟನ್ನೂ ಹೊಸದಾಗಿ ಗಂಟು ಕಟ್ಟಿದ್ದ. "ನಿನ್ನ ಡಬ್ಬಾ ಕಂಪ್ಯೂಟರಲ್ಲಿ ಬಿಚ್ಚು. ಬೇರೆಯವರ ಮನೇಲಿ ಬಿಚ್ಚಿದ್ರೇನೇ ಬಿಚ್ಚಿದ ಹಾಗೆ" ಎಂದ. ಬಿಚ್ಚಿದೆ. ಬಾಣವಿರಲಿಲ್ಲ. ದರ್ಜಿಗೆ ಹೇಳಿದ್ದು, ಮಾಲೀಕರಿಗೆ ಹೇಳಿದ್ದು, ತಂಗಿಗೆ ಹೇಳಿದ್ದು, ಎಲ್ಲ ಸರಿಯಾಗಿ ಬಂದವು. ಅವನು ಒಂದೊಂದನ್ನೂ ಕೊನೆಯವರೆಗೆ ಕೇಳಿದ. ಚಹಾ ಆರಿಹೋಯಿತು. ಹೋಗುವಾಗ ನನ್ನ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇರಲಿ ಎಂದ. ಅದು ಇಲ್ಲೇ ಇದೆ. ನಾನು ಮತ್ತೆ ತೆರೆದಿಲ್ಲ.

ಮಂಗಳವಾರದ ಬೆಳಗನ್ನು ಅತ್ತಿಗೆ ಸ್ಲೇಟಿನ ಮೇಲೆ ತುಂಡು ತುಂಡಾಗಿ ಬರೆದರು. ಬರೆದು, ನಾನು ಓದಿದ ಮೇಲೆ ಅಳಿಸಿ, ಮತ್ತೆ ಬರೆದರು. ಕೆಲಸಕ್ಕೆ ಹೊರಡಲು ಇನ್ನೂ ಹೊತ್ತಿತ್ತು. ಅವನು ತಿಂಡಿ ಮುಗಿಸಿ, ಕುರ್ಚಿಯನ್ನು ಇವರಿಗೆ ಬೆನ್ನಾಗುವ ಹಾಗೆ ತಿರುಗಿಸಿಕೊಂಡು, ಇಯರ್‌ಫೋನ್ ಹಾಕಿಕೊಂಡ. ಇವರು ಮೇಜು ಒರೆಸುತ್ತಿದ್ದರು. ಅವನ ಭುಜ ಕುಲುಕುತ್ತಿತ್ತು. ಗಾಬರಿಯಾಗಿ ಹೋಗಿ ನೋಡಿದರೆ, ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು. ಏನು ಎಂದು ಇವರು ಕೈಯಲ್ಲಿ ಕೇಳಿದರು. ಅವನು, "ನನ್ನ ನಡಿಗೆ ಬಗ್ಗೆ ಹೇಳ್ತಿದೀಯ, ಸುಮ್ನಿರು" ಎಂದು, ಕೈಯಲ್ಲೇ ಆಚೆ ಹೋಗು ಎಂದ. ಇವರು ಬಟ್ಟೆ ಹಿಂಡಲು ಅಡುಗೆಮನೆಗೆ ಹೋದರು. ಬಾಗಿಲಲ್ಲಿ ತಿರುಗಿ ನೋಡಿದಾಗ, ಅವನು ಮೌಸನ್ನು ಸ್ವಲ್ಪ ಸರಿಸಿ, ಅದನ್ನೇ ಮೊದಲಿನಿಂದ ಮತ್ತೆ ಹಾಕಿಕೊಂಡ.